ಕಡತ ಓದದೆ ತೀರ್ಪು ಕೊಡಬೇಡಿ: ಕೊಡಗಿನ ಯುವಜನರಿಗೊಂದು ಬಹಿರಂಗ ಪತ್ರ

ಮಡಿಕೇರಿ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಮಡಿಕೇರಿಯಿರಲಿ ಪೊನ್ನಂಪೇಟೆಯಿರಲಿ, ಸೋಮವಾರಪೇಟೆಯ ಮೂಲೆಯ ತೋಟದ ಮನೆಯೇ ಇರಲಿ, ರಾತ್ರಿ ಊಟ ಮುಗಿಸಿ ಮೊಬೈಲು ಹಿಡಿದಾಗ ನಿಮ್ಮಲ್ಲಿ ಬಹಳ ಮಂದಿ ಏನು ನೋಡುತ್ತೀರಿ ಎಂದು ನನಗೆ ಗೊತ್ತು. ನನ್ನ ಮನೆಯಲ್ಲೂ ನಿಮ್ಮ ವಯಸ್ಸಿನವರಿದ್ದಾರೆ. ರಾಜೀವ್ ಗಾಂಧಿ ಹತ್ಯೆಯ ಹಿಂದೆ ಇದ್ದವರು ಯಾರು, ಕೆನಡಿಯನ್ನು ಕೊಂದದ್ದು ಒಬ್ಬನೇ ಅಥವಾ ಹಲವರೇ, ಸರ್ಕಾರ ನಮ್ಮಿಂದ ಬಚ್ಚಿಟ್ಟದ್ದೇನು ಎಂದು ಕೇಳುವ ಸಾಕ್ಷ್ಯಚಿತ್ರಗಳು ಒಂದರ ಹಿಂದೊಂದು ಬರುತ್ತಲೇ ಇವೆ. ಬೆಳಗಾಗುವಷ್ಟರಲ್ಲಿ ಅವುಗಳ ತುಣುಕುಗಳು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಬಂದಿರುತ್ತವೆ. ಜೊತೆಗೆ ಒಂದು ಸಾಲು: "ಸತ್ಯ ಕೊನೆಗೂ ಹೊರಬಂತು."

ಇವನ್ನು ನೋಡಬೇಡಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನೋಡಿ. ಸರ್ಕಾರ ಹೇಳಿದ್ದನ್ನು ಹಾಗೇ ನುಂಗಬೇಡಿ. ಆದರೆ ಸರ್ಕಾರದ ಮಾತನ್ನು ಎಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತೀರೋ ಚಿತ್ರದ ಮಾತನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಹೀಗೆ ಕೇಳುವುದಕ್ಕೆ ನನಗೊಂದು ಕಾರಣವಿದೆ. ನಾನು ನ್ಯಾಯಾಲಯದ ಕಚೇರಿಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಸಾಕ್ಷಿಗಳು ಕಟಕಟೆ ಹತ್ತಿ ಹೇಳಿದ್ದನ್ನು ಟೈಪು ಮಾಡಿದ್ದೇನೆ, ಕೊಲೆ ಪ್ರಕರಣಗಳ ಕಡತಗಳನ್ನು ಪುಟ ಎಣಿಸಿ ಕಟ್ಟಿದ್ದೇನೆ. ಒಂದು ಪ್ರಕರಣದಲ್ಲಿ ಮಹಜರಿಗೆ ಸಹಿ ಹಾಕಿದ್ದ ಪಂಚರಿಬ್ಬರೂ "ನಾವು ಆ ಜಾಗಕ್ಕೆ ಹೋಗೇ ಇಲ್ಲ, ಠಾಣೆಯಲ್ಲಿ ಕೂತು ಸಹಿ ಮಾಡಿದೆವು" ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಇನ್ನೊಂದರಲ್ಲಿ ಇಡೀ ಊರೇ ಒಬ್ಬನ ಕಡೆ ಬೆರಳು ತೋರಿಸಿತ್ತು. ಪಾಟೀ ಸವಾಲು ಶುರುವಾದ ಮೇಲೆ ಊರಿನ ಆ ಕಥೆ ಒಂದು ಮಧ್ಯಾಹ್ನವೂ ನಿಲ್ಲಲಿಲ್ಲ. ಸರ್ಕಾರಿ ಕಾಗದವೂ ಸುಳ್ಳಾಡಬಲ್ಲದು, ಊರ ಬಾಯಿಯೂ ಸುಳ್ಳಾಡಬಲ್ಲದು. ಹೇಳಿದವನನ್ನು ಎದುರಿಗೆ ನಿಲ್ಲಿಸಿ "ನೀನು ಕಂಡದ್ದೇನು, ಕೇಳಿದ್ದೇನು, ಊಹಿಸಿದ್ದೇನು" ಎಂದು ಬಿಡಿಸಿ ಕೇಳದೆ ಎರಡರಲ್ಲಿ ಯಾವುದನ್ನೂ ನಂಬುವಂತಿಲ್ಲ.

ಅಧಿಕೃತ ಹೇಳಿಕೆಯನ್ನು ಅನುಮಾನಿಸುವುದು ಕೊಡಗಿನವರಿಗೆ ಹೊಸದಲ್ಲ. 1834ರ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಕೊಡಗಿನ ಜನ ಒಮ್ಮತದಿಂದ ಬಯಸಿದ್ದರಿಂದಲೇ ಕಂಪನಿ ಸರ್ಕಾರ ಈ ನಾಡನ್ನು ತನ್ನ ಆಳ್ವಿಕೆಗೆ ತೆಗೆದುಕೊಳ್ಳುತ್ತಿದೆ ಎಂದು ಸಾರಿತು. ಮೂರೇ ವರ್ಷಕ್ಕೆ, 1837ರಲ್ಲಿ, ಕೊಡಗಿನ ಕೆಳನಾಡು ಮತ್ತು ಸುಳ್ಯ ಸೀಮೆಯ ರೈತರು ಅದೇ ಕಂಪನಿಯ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದರು. ಅದೇ ವರ್ಷ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಒಮ್ಮತವೇ ಇದ್ದಿದ್ದರೆ ಗಲ್ಲುಗಂಬ ಏಕೆ ಬೇಕಿತ್ತು? ಈ ಪ್ರಶ್ನೆ ಕೇಳಿದ್ದರಿಂದಲೇ ಕಂಪನಿಯ ದಾಖಲೆಯಲ್ಲಿ ದಂಗೆಕೋರರಾಗಿದ್ದವರು ಇಂದು ನಮಗೆ ಸ್ವಾತಂತ್ರ್ಯ ಹೋರಾಟಗಾರರಾಗಿದ್ದಾರೆ.

ಇದೇ ನಾಡಿನ ಚರಿತ್ರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಚಿಕ್ಕವೀರರಾಜೇಂದ್ರನ ಕಾಲದಲ್ಲಿ ಅರಮನೆಯೊಳಗೆ ನಡೆದ ಕೊಲೆಗಳನ್ನು, ದೊಡ್ಡವೀರರಾಜನ ಮಗಳು ದೇವಮ್ಮಾಜಿಯ ಅಂತ್ಯವನ್ನು ನಮ್ಮಲ್ಲಿ ಎಷ್ಟು ಮಂದಿ ದಾಖಲೆಗಳಿಂದ ತಿಳಿದಿದ್ದೇವೆ? ಬಹುಪಾಲು ಜನರಿಗೆ ಆ ಅರಸ ಪರಿಚಯವಾದದ್ದು 1956ರಲ್ಲಿ ಪ್ರಕಟವಾದ ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಿಂದ. ಅದು ಜ್ಞಾನಪೀಠ ಪಡೆದ ಲೇಖಕರ ದೊಡ್ಡ ಕಾದಂಬರಿ, ಕಾದಂಬರಿಯಾಗಿಯೇ ಬರೆದದ್ದು. ಅದರ ಸಂಭಾಷಣೆಗಳನ್ನು ನಡೆದ ಸಂಗತಿಗಳೆಂದು ಹಿಡಿದು ಜಗಳವಾಡಿದವರು ಓದುಗರು. ಕೊಲೆ ನಡೆದದ್ದು ನಿಜ. ಆ ಕೊಲೆಗಳನ್ನು ಎತ್ತಿ ತೋರಿಸಿ ನಾಡನ್ನು ಕಬಳಿಸಿದ ಕಂಪನಿಗೆ ತನ್ನದೇ ಲಾಭವಿದ್ದದ್ದೂ ನಿಜ. ಕಾದಂಬರಿಕಾರರು ತಮ್ಮ ಕಲ್ಪನೆಯಿಂದ ತುಂಬಿದ್ದು ಬೇರೆ. ಈ ಮೂರನ್ನು ಬಿಡಿಸಿ ನೋಡಲು ಕಲಿತವರು ಯಾವ ಸಾಕ್ಷ್ಯಚಿತ್ರವನ್ನೂ ಧೈರ್ಯವಾಗಿ ನೋಡಬಹುದು.

ಈಗ ನೀವು ಹೆಚ್ಚು ಹಂಚುತ್ತಿರುವ ರಾಜೀವ್ ಗಾಂಧಿ ಪ್ರಕರಣಕ್ಕೆ ಬರುತ್ತೇನೆ. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಸ್ಫೋಟ ನಡೆದಾಗ ಹರಿಬಾಬು ಎಂಬ ಛಾಯಾಗ್ರಾಹಕನೂ ಸತ್ತ. ಅವನ ಕ್ಯಾಮೆರಾ ಉಳಿಯಿತು. ಅದರೊಳಗಿದ್ದ ಫಿಲ್ಮಿನಿಂದಲೇ ಬಾಂಬು ಕಟ್ಟಿಕೊಂಡು ಹಾರ ಹಿಡಿದು ನಿಂತಿದ್ದ ಯುವತಿಯ ಗುರುತು ಸಿಕ್ಕಿತು, ಸಂಚಿನ ಮುಂದಾಳು ಶಿವರಾಸನ್‌ನ ಮುಖ ಹೊರಬಂತು. ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ಸಿಬಿಐ ವಿಶೇಷ ತನಿಖಾ ತಂಡ ಆ ಜಾಡು ಹಿಡಿದು ಬೆಂಗಳೂರಿನ ಕೋಣನಕುಂಟೆಯವರೆಗೆ ಬಂತು. ಆಗಸ್ಟ್ 20ರಂದು ಅಲ್ಲಿನ ಮನೆಗೆ ನುಗ್ಗಿದಾಗ ಸಿಕ್ಕಿದ್ದು ಶಿವರಾಸನ್ ಮತ್ತು ಸಂಗಡಿಗರ ಏಳು ಶವಗಳು. ಮನೆ ಸುತ್ತುವರಿದ ಮೇಲೂ ಒಳನುಗ್ಗಲು ಅಷ್ಟು ತಡವಾದದ್ದೇಕೆ, ಬದುಕಿ ಸಿಕ್ಕಿದ್ದರೆ ಅವರು ಯಾರ ಹೆಸರು ಹೇಳುತ್ತಿದ್ದರು ಎಂಬ ಪ್ರಶ್ನೆಗಳು ಅಂದಿನಿಂದಲೂ ಇವೆ. 2006ರಲ್ಲಿ ಎ.ಎಂ.ಆರ್. ರಮೇಶ್ ಆ ಮನೆಯ ಕೊನೆಯ ದಿನಗಳ ಮೇಲೆ 'ಸೈನೈಡ್' ಎಂಬ ಕನ್ನಡ ಚಲನಚಿತ್ರವನ್ನೇ ಮಾಡಿದರು. ಅದು ನಟರು ನಟಿಸಿದ ಚಿತ್ರ. ಅದರ ದೃಶ್ಯಗಳನ್ನು ಅಸಲಿ ದೃಶ್ಯವೆಂದು ಹಂಚಿದರೆ ಚಿತ್ರಕ್ಕೂ ಚರಿತ್ರೆಗೂ ಅನ್ಯಾಯ.

ಪ್ರಶ್ನೆ ಕೇಳಿದವರೆಲ್ಲ ದೇಶದ್ರೋಹಿಗಳೂ ಅಲ್ಲ, ತಲೆಕೆಟ್ಟವರೂ ಅಲ್ಲ. ಭದ್ರತೆಯ ಲೋಪಗಳನ್ನು ನೋಡಲು ವರ್ಮಾ ಆಯೋಗವನ್ನು, ಪಿತೂರಿಯ ಆಳ ನೋಡಲು ಜೈನ್ ಆಯೋಗವನ್ನು ನೇಮಿಸಿದ್ದು ಸರ್ಕಾರವೇ. ಜೈನ್ ಆಯೋಗದ ವರದಿಯ ನಂತರ, ಉಳಿದ ಎಳೆಗಳನ್ನು ಹುಡುಕಲೆಂದು 1998ರಲ್ಲಿ ಸಿಬಿಐ ಅಡಿಯಲ್ಲಿ ಮತ್ತೊಂದು ಸಂಸ್ಥೆಯನ್ನೂ ರಚಿಸಲಾಯಿತು. ತನಿಖೆ ಪೂರ್ಣವಾಗಿಲ್ಲ ಎಂದು ಸರ್ಕಾರವೇ ಬರೆದು ಒಪ್ಪಿಕೊಂಡ ಮೇಲೆ ನಾಗರಿಕನೊಬ್ಬ ಅದನ್ನೇ ಕೇಳಿದರೆ ತಪ್ಪೇನು?

ಈ ಪ್ರಕರಣದಲ್ಲಿ ಸಾಕ್ಷ್ಯಚಿತ್ರವೊಂದು ಮಾಡಿದ ಕೆಲಸವನ್ನು ನೀವು ಗಮನಿಸಬೇಕು. 1998ರ ಜನವರಿಯಲ್ಲಿ ಭಯೋತ್ಪಾದನೆ ತಡೆಯುವ ಟಾಡಾ ಕಾಯಿದೆಯ ನ್ಯಾಯಾಲಯ 26 ಮಂದಿಗೆ ಗಲ್ಲು ವಿಧಿಸಿತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವರಲ್ಲಿ ನಾಲ್ವರ ಗಲ್ಲನ್ನಷ್ಟೇ ಉಳಿಸಿತು, ಮೂವರಿಗೆ ಜೀವಾವಧಿ ಎಂದಿತು, ಉಳಿದ 19 ಮಂದಿಯನ್ನು ಬಿಡುಗಡೆ ಮಾಡಿತು. ಗಲ್ಲು ಉಳಿದ ನಾಲ್ವರಲ್ಲಿ ಎ.ಜಿ. ಪೇರರಿವಾಳನ್ ಒಬ್ಬ. ಬಂಧನವಾದಾಗ ಅವನಿಗೆ 19 ವರ್ಷ, ನಿಮ್ಮ ಪ್ರಾಯ. ಬಾಂಬಿಗೆ ಬಳಕೆಯಾದ 9 ವೋಲ್ಟಿನ ಎರಡು ಬ್ಯಾಟರಿ ತಂದುಕೊಟ್ಟ ಎಂಬುದು ಅವನ ಮೇಲಿದ್ದ ಮುಖ್ಯ ಆರೋಪ. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆಯಿಲ್ಲ. ಟಾಡಾ ಕಾಯಿದೆಯಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದಕ್ಕೆ ಬೆಲೆಯಿತ್ತು. 2013ರಲ್ಲಿ 'ಉಯಿರ್‌ವಲಿ' ಎಂಬ ತಮಿಳು ಸಾಕ್ಷ್ಯಚಿತ್ರದಲ್ಲಿ, ಆ ಹೇಳಿಕೆ ಬರೆದುಕೊಂಡಿದ್ದ ನಿವೃತ್ತ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ ಕ್ಯಾಮೆರಾದ ಮುಂದೆ ಕೂತು, ಬ್ಯಾಟರಿ ಯಾವುದಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಪೇರರಿವಾಳನ್ ಹೇಳಿದ ಮಾತನ್ನು ತಾನು ದಾಖಲಿಸಲಿಲ್ಲ ಎಂದು ಒಪ್ಪಿಕೊಂಡರು. ಮುಂದೆ ಇದನ್ನೇ ಪ್ರಮಾಣಪತ್ರವಾಗಿ ಸುಪ್ರೀಂ ಕೋರ್ಟಿಗೂ ಸಲ್ಲಿಸಿದರು.

ನನ್ನಂಥ ಕಡತದ ಮನುಷ್ಯನಿಗೆ ಇದು ಮೈ ನಡುಗಿಸುವ ಸಂಗತಿ. ಬರೆಯದೆ ಬಿಟ್ಟ ಒಂದೇ ಒಂದು ವಾಕ್ಯದಿಂದ ಒಬ್ಬನ ಕೊರಳಿಗೆ ಹಗ್ಗ ಬಂದಿತ್ತು. ಆ ವಾಕ್ಯವನ್ನು ಹೊರತಂದದ್ದು ಒಂದು ಕ್ಯಾಮೆರಾ. ಆದರೆ ಮುಂದಿನದನ್ನೂ ಓದಿ. 2022ರ ಮೇ 18ರಂದು ಪೇರರಿವಾಳನ್ ಬಿಡುಗಡೆಯಾದಾಗ "ನಿರಪರಾಧಿ ಎಂದು ಸುಪ್ರೀಂ ಕೋರ್ಟು ಹೇಳಿತು" ಎಂಬ ಸಂದೇಶ ನನ್ನ ಮೊಬೈಲಿಗೂ ಬಂತು. ನ್ಯಾಯಾಲಯ ಹಾಗೆ ಹೇಳಿಲ್ಲ. ತಮಿಳುನಾಡು ಸಂಪುಟದ ಶಿಫಾರಸನ್ನು ರಾಜ್ಯಪಾಲರು ವರ್ಷಗಟ್ಟಲೆ ಇಟ್ಟುಕೊಂಡದ್ದನ್ನು ಕಂಡು, ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಬಿಡುಗಡೆ ಮಾಡಿತು. ಸತ್ತ ನಾಯಕನ ಜೊತೆ ಆ ರಾತ್ರಿ ಪ್ರಾಣ ಕಳೆದುಕೊಂಡ ಪೊಲೀಸರ, ಸಾಮಾನ್ಯ ಜನರ ಮನೆಯವರೂ ಆ ಸಂದೇಶ ಓದಿರುತ್ತಾರೆ. ಅವರಿಗೆ ನಾವು ಕೊಡಬೇಕಾದ ಕನಿಷ್ಠ ಮರ್ಯಾದೆ, ತೀರ್ಪಿನಲ್ಲಿ ಇಲ್ಲದ್ದನ್ನು ಇದೆ ಎನ್ನದಿರುವುದು.

ಹೊರದೇಶದ ಎರಡು ಪ್ರಸಂಗಗಳನ್ನೂ ಹೇಳುತ್ತೇನೆ. ಅಮೆರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಅವರನ್ನು 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಸಭಾಂಗಣವೊಂದರಲ್ಲಿ ಗುಂಡಿಟ್ಟು ಕೊಂದರು. ಮೂವರಿಗೆ ಶಿಕ್ಷೆಯಾಯಿತು. ಅವರಲ್ಲಿ ತಪ್ಪೊಪ್ಪಿಕೊಂಡವನೇ "ಉಳಿದ ಇಬ್ಬರು ಇದರಲ್ಲಿಲ್ಲ" ಎಂದು ಹೇಳಿದರೂ ಯಾರೂ ಕೇಳಲಿಲ್ಲ. 2020ರಲ್ಲಿ ಈ ಹತ್ಯೆಯ ಬಗ್ಗೆ ಸಾಕ್ಷ್ಯಚಿತ್ರ ಸರಣಿಯೊಂದು ಬಂದ ಮೇಲೆ ಸರ್ಕಾರಿ ಅಭಿಯೋಜಕರು ಕಡತ ಮತ್ತೆ ತೆರೆದರು. ಎಫ್‌ಬಿಐ ಮತ್ತು ನಗರ ಪೊಲೀಸರು ಮುಖ್ಯ ದಾಖಲೆಗಳನ್ನು ಬಚ್ಚಿಟ್ಟದ್ದು ಹೊರಬಂತು. 2021ರ ನವೆಂಬರಿನಲ್ಲಿ ಮುಹಮ್ಮದ್ ಅಜೀಜ್ ಮತ್ತು ಖಲೀಲ್ ಇಸ್ಲಾಂ ಇಬ್ಬರ ಮೇಲಿನ ಶಿಕ್ಷೆ ರದ್ದಾಯಿತು. ಅಷ್ಟರಲ್ಲಿ ಖಲೀಲ್ ತೀರಿಕೊಂಡು 12 ವರ್ಷವಾಗಿತ್ತು.

ಕೆನಡಿ ಹತ್ಯೆಯದ್ದು ಬೇರೆಯೇ ಪಾಠ. ಓಸ್ವಾಲ್ಡ್ ಒಬ್ಬನೇ ಕೊಂದ ಎಂದು ವಾರನ್ ಆಯೋಗ 1964ರಲ್ಲಿ ಹೇಳಿತು. 1979ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ, ಪೊಲೀಸ್ ರೇಡಿಯೋದ ಧ್ವನಿಮುದ್ರಣವೊಂದನ್ನು ನಂಬಿ, ಪಿತೂರಿ ಇದ್ದಿರಬಹುದು ಎಂದಿತು. 1982ರಲ್ಲಿ ವಿಜ್ಞಾನಿಗಳ ತಂಡ ಅದೇ ಧ್ವನಿಯನ್ನು ಪರೀಕ್ಷಿಸಿ, ಅದು ಗುಂಡು ಹಾರಿದ ಸುಮಾರು ಒಂದು ನಿಮಿಷದ ನಂತರದ್ದು ಎಂದು ತೋರಿಸಿತು. 1991ರಲ್ಲಿ ಆಲಿವರ್ ಸ್ಟೋನ್ ಮಾಡಿದ ಚಲನಚಿತ್ರದ ವಾದಗಳನ್ನು ಇತಿಹಾಸಕಾರರು ಬಹಳ ಟೀಕಿಸಿದ್ದಾರೆ. ಆದರೂ ಆ ಚಿತ್ರ ಎಬ್ಬಿಸಿದ ಗದ್ದಲದಿಂದ 1992ರಲ್ಲಿ ಹತ್ಯೆಯ ದಾಖಲೆಗಳನ್ನು ಜನರಿಗೆ ತೆರೆಯುವ ಕಾನೂನು ಬಂತು. ಚಿತ್ರದ ಊಹೆಗಿಂತ ಅದು ತೆರೆಸಿದ ಕಡತಗಳೇ ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬಂದವು.

ಅಧಿಕೃತ ತನಿಖೆ ಎಂದರೆ ಸುಳ್ಳೇ ಎಂಬ ಅವಸರವೂ ಬೇಡ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯ ಬಾಗಿಲಲ್ಲಿ ಗೌರಿ ಲಂಕೇಶರ ಕೊಲೆಯಾದಾಗ, ಬೆಳಗಾಗುವ ಮೊದಲೇ ಎಲ್ಲರ ಬಳಿಯೂ ಒಬ್ಬೊಬ್ಬ ಕೊಲೆಗಾರನಿದ್ದ. ಅವರವರ ರಾಜಕೀಯಕ್ಕೆ ತಕ್ಕಂತೆ ಕೊಲೆಗಾರ. ವಿಶೇಷ ತನಿಖಾ ತಂಡ ತಿಂಗಳುಗಟ್ಟಲೆ ಮೌನವಾಗಿ ಕೆಲಸ ಮಾಡಿತು. ಗೌರಿಯವರನ್ನೂ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ ಕೊಲ್ಲಲು ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟು ಕಲಬುರ್ಗಿ ಪ್ರಕರಣವನ್ನೂ ಅದೇ ತಂಡಕ್ಕೆ ವಹಿಸಿತು. ಖಾಲಿ ತೋಟೆಯ ಮೇಲಿನ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡುವ ಕೆಲಸ ನಿಧಾನದ್ದು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇನ್ನು ನಮ್ಮದೇ ಮಡಿಕೇರಿ. 2016ರ ಜುಲೈ 7ರಂದು ಡಿವೈಎಸ್‌ಪಿ ಎಂ.ಕೆ. ಗಣಪತಿಯವರು ಇಲ್ಲಿನ ವಸತಿಗೃಹವೊಂದರಲ್ಲಿ ಶವವಾಗಿ ಸಿಕ್ಕರು. ಅದೇ ದಿನ ಸ್ಥಳೀಯ ವಾಹಿನಿಗೆ ಅವರು ಸಂದರ್ಶನ ಕೊಟ್ಟಿದ್ದರು. ಆ ಸಾವು ರಾಜಕೀಯ ಹತ್ಯೆಯೆಂದು ನಾನು ಹೇಳುತ್ತಿಲ್ಲ. ಆದರೆ ಆ ಸಂದರ್ಶನದ ವಿಡಿಯೊ ಒಂದು ಕಡೆ, ಸರ್ಕಾರಿ ವರದಿ ಇನ್ನೊಂದು ಕಡೆ ನಿಂತಾಗ ಒಂದು ಊರಿಗೆ ಏನಾಗುತ್ತದೆ ಎಂದು ನಾವು ಕಣ್ಣಾರೆ ಕಂಡದ್ದು ಆಗಲೇ. ಆ ಮಳೆಗಾಲದಲ್ಲಿ ಅಂಗಡಿ ಜಗಲಿಗಳಲ್ಲಿ, ಬಸ್ ನಿಲ್ದಾಣದಲ್ಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ ಎಲ್ಲರೂ ತೀರ್ಪುಗಾರರೇ. ಸಿಐಡಿ ತನಿಖೆಯಿಂದ ಮನೆಯವರಿಗೆ ಸಮಾಧಾನವಾಗಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಸಿಬಿಐಯೂ ಪ್ರಕರಣ ಮುಗಿಸುವ ಬಿ ರಿಪೋರ್ಟ್ ಹಾಕಿತು. 2020ರಲ್ಲಿ ವಿಶೇಷ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಮನೆಯವರು ಹಿಡಿದ ದಾರಿಯನ್ನು ನೋಡಿ: ವಿಡಿಯೊ ಹಂಚಿ ಸುಮ್ಮನಾಗದೆ ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ಅರ್ಜಿ ಹಿಡಿದು ನಡೆದರು. ಅನುಮಾನವನ್ನು ಗೌರವದಿಂದ ನಡೆಸಿಕೊಳ್ಳುವುದು ಎಂದರೆ ಇದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿಗಳು.

ಚಿತ್ರವನ್ನು ಪೂರ್ತಿ ನೋಡಿ, ತುಣುಕು ಹಂಚಬೇಡಿ. ನೋಡುವಾಗ ಒಂದು ಕಾಗದ ಪಕ್ಕದಲ್ಲಿಡಿ. ಕಣ್ಣಾರೆ ಕಂಡವರು ಎಷ್ಟು ಜನ, ಕೇಳಿ ಹೇಳುವವರು ಎಷ್ಟು ಜನ? ಹೊಸ ದಾಖಲೆ ಏನಾದರೂ ತೋರಿಸಿದರೇ, ಹಿನ್ನೆಲೆ ಸಂಗೀತವನ್ನಷ್ಟೇ ಜೋರು ಮಾಡಿದರೇ? ನಟರಿಂದ ಮಾಡಿಸಿದ ದೃಶ್ಯ ಯಾವುದು, ಅಸಲಿ ಯಾವುದು? ಆರೋಪಕ್ಕೆ ಗುರಿಯಾದವರ ಉತ್ತರ ಕೇಳಿದರೇ? ಧ್ವನಿ ಮುಚ್ಚಿ ಚಿತ್ರ ನೋಡಿದಾಗಲೂ, ಚಿತ್ರ ಮುಚ್ಚಿ ಮಾತು ಕೇಳಿದಾಗಲೂ ಆ ವಾದ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ.

ತೀರ್ಪು ಓದಿ. ಸುಪ್ರೀಂ ಕೋರ್ಟಿನ ತೀರ್ಪುಗಳು ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. 1999ರ ರಾಜೀವ್ ಪ್ರಕರಣದ ತೀರ್ಪು ಉದ್ದವಿದೆ, ಇಂಗ್ಲಿಷಿನಲ್ಲಿದೆ, ಕಷ್ಟವಿದೆ. ನಾಲ್ಕು ಜನ ಸೇರಿ ಓದಿದರೆ ಹತ್ತು ಚಿತ್ರಗಳಲ್ಲಿ ಸಿಗದ್ದು ಅದರಲ್ಲಿ ಸಿಗುತ್ತದೆ.

ಮಾಹಿತಿ ಹಕ್ಕನ್ನು ಬಳಸಿ. 2005ರ ಕಾಯಿದೆಯಡಿ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. 20 ವರ್ಷ ದಾಟಿದ ಘಟನೆಗಳ ಮಾಹಿತಿಯನ್ನು ಕೆಲವೇ ವಿನಾಯಿತಿಗಳ ಹೊರತು ಕೊಡಲೇಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. 2011ರಿಂದ ಸಿಬಿಐ ಈ ಕಾಯಿದೆಯಿಂದ ಬಹುಮಟ್ಟಿಗೆ ಹೊರಗಿದೆ ಎಂಬುದೂ ತಿಳಿದಿರಲಿ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಸಂಗತಿಗಳಿಗೆ ಮಾತ್ರ ಆ ಬಾಗಿಲು ತೆರೆದಿದೆ. ಹಳೆಯ ಹತ್ಯೆಗಳ ದಾಖಲೆಗಳನ್ನು ತೆರೆಯಲು ನಮ್ಮಲ್ಲೂ ಪ್ರತ್ಯೇಕ ಕಾನೂನು ಬೇಕೆಂದು ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಯಾವ ಪಕ್ಷದವರಾದರೂ ಬರೆಯಿರಿ.

ಯಾರನ್ನೂ ಕೊಲೆಗಾರನೆಂದು ಕರೆಯಬೇಡಿ, ನ್ಯಾಯಾಲಯ ಹೇಳುವ ತನಕ. ಆರೋಪಿಯ ಹೆಂಡತಿ ಮಕ್ಕಳ ಫೋಟೊ, ಸತ್ತವರ ಶವದ ಫೋಟೊ ನಿಮ್ಮ ಮೊಬೈಲಿನಿಂದ ಮುಂದೆ ಹೋಗದಿರಲಿ. ನಮ್ಮದು ಪುಟ್ಟ ಜಿಲ್ಲೆ. ಇಲ್ಲಿ ಮನೆಹೆಸರು ಹೇಳಿದರೆ ಊರು ಗೊತ್ತಾಗುತ್ತದೆ, ಊರು ಹೇಳಿದರೆ ಗೇಟು ಗೊತ್ತಾಗುತ್ತದೆ. ಒಂದು ಸುಳ್ಳು ಆರೋಪವನ್ನು ಹೊತ್ತು ಒಂದು ಕುಟುಂಬ ಮದುವೆಗೂ ಸಾವಿಗೂ ಹೋಗಲಾಗದೆ ಒಳಗೇ ಉಳಿದದ್ದನ್ನು ನಾನು ನೋಡಿದ್ದೇನೆ. ತೀರ್ಪಿನಲ್ಲಿ ಖುಲಾಸೆಯಾದ ಮೇಲೂ ಊರು ಅವರನ್ನು ಖುಲಾಸೆ ಮಾಡಲಿಲ್ಲ.

ನಿಮ್ಮಲ್ಲಿ ಕ್ಯಾಮೆರಾ ಹಿಡಿದವರಿದ್ದೀರಿ. ನಿಮಗೆ ವಿಶೇಷವಾಗಿ ಹೇಳುತ್ತೇನೆ. ಕತ್ತರಿಸದ ಮೂಲ ಚಿತ್ರಣವನ್ನು ತಾರೀಕು, ಸ್ಥಳ ಬರೆದು ಜೋಪಾನವಾಗಿಡಿ. ನಾಳೆ ನ್ಯಾಯಾಲಯ ಕೇಳುವುದು ಅದನ್ನೇ. ಮಾತಾಡಿದವರ ಒಪ್ಪಿಗೆ ಬರಹದಲ್ಲಿರಲಿ. ನಿವೃತ್ತ ಪೊಲೀಸರು, ವಕೀಲರು, ಹಳೆಯ ಪತ್ರಕರ್ತರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಇರುವಾಗಲೇ ಹೋಗಿ ಕೇಳಿ. ಅಧಿಕಾರದಲ್ಲಿದ್ದಾಗ ಬಾಯಿಬಿಡದವರು ವಯಸ್ಸಾದ ಮೇಲೆ ಮನಸ್ಸು ಹಗುರ ಮಾಡಿಕೊಳ್ಳಲು ಬಯಸುವುದುಂಟು. ತ್ಯಾಗರಾಜನ್ ಬಾಯಿಬಿಟ್ಟದ್ದು 22 ವರ್ಷದ ನಂತರ, ಎದುರಿಗೆ ಕೂತು ಯಾರೋ ತಾಳ್ಮೆಯಿಂದ ಕೇಳಿದ್ದಕ್ಕೆ.

ಕೊನೆಯ ವಿನಂತಿ: ತಿಂಗಳಿಗೊಮ್ಮೆ ನಿಮ್ಮ ಊರಿನ ಗ್ರಂಥಾಲಯದಲ್ಲೋ ಶಾಲೆಯ ಕೊಠಡಿಯಲ್ಲೋ ಸೇರಿ. ಒಂದು ಸಾಕ್ಷ್ಯಚಿತ್ರ ನೋಡಿ, ಅದೇ ಪ್ರಕರಣದ ತೀರ್ಪನ್ನೋ ಆಯೋಗದ ವರದಿಯನ್ನೋ ಮುಂದಿಟ್ಟು ಚರ್ಚಿಸಿ. ಒಬ್ಬರು ಚಿತ್ರದ ಪರ, ಒಬ್ಬರು ತನಿಖೆಯ ಪರ ವಾದಿಸಿ. ಉಳಿದವರು ಪಾಟೀ ಸವಾಲು ಹಾಕಿ. ಕಡತ ಓದುವುದು ಹೇಗೆ, ಮಹಜರಿನಲ್ಲಿ ಮೊದಲು ನೋಡಬೇಕಾದದ್ದು ಏನು, ಹೇಳಿಕೆಗೂ ಸಾಕ್ಷ್ಯಕ್ಕೂ ವ್ಯತ್ಯಾಸವೇನು ಎಂದು ಕೂತು ಹೇಳಿಕೊಡಲು ನಾನು ಸಿದ್ಧನಿದ್ದೇನೆ. ಜಿಲ್ಲೆಯ ಯಾವ ಮೂಲೆಗೆ ಕರೆದರೂ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಡಿಕೇರಿಯ ಒಬ್ಬ ನಿವೃತ್ತ ಶಿರಸ್ತೇದಾರ